ಅಲ್ಲಾಸಾಬನ ಮೂಗು

ಗಜೇಂದ್ರಗಡದ ಹಳೆಯ ಮಂದಿಯನ್ನು ಕೇಳಿ ನೋಡಿ. ದೀಪವಿರಲಿ, ಸ್ಟೋವಿರಲಿ, ಈಚೆಗೆ ಬಂದ ಅಡುಗೆ ಗ್ಯಾಸಿನ ಸಿಲಿಂಡರಿರಲಿ, ಯಾವುದು ಸೋರಿದರೂ ಮೂಗಿನಿಂದಲೇ ಹಿಡಿಯುವವನು ಯಾರು ಎಂದರೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ: ದೀಪದ ಕಳಕಪ್ಪ. ಆ ಕಳಕಪ್ಪ ನಾನೇ, ಮತ್ತು ಅವರು ಹೇಳುವುದು ಶುದ್ಧ ಸುಳ್ಳು. ನನ್ನ ಮೂಗು ನೆಗಡಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಉಪಯೋಗಕ್ಕೆ ಬಂದಿಲ್ಲ. ಮೂಗು ಇದ್ದದ್ದು ಅಲ್ಲಾಸಾಬನಿಗೆ. ಅವನು ತೀರಿಕೊಂಡು ಎರಡು ವರ್ಷವಾಯಿತು. ಅವನ ಬಗ್ಗೆ ನಾಲ್ಕು ಮಾತು ಬರೆಯಲು ನನಗಿಂತ ಒಳ್ಳೆಯವರು ಸಿಕ್ಕಾರು. ಅವನನ್ನು ನೋಡಿ ನನ್ನಷ್ಟು ಹೊಟ್ಟೆಕಿಚ್ಚು ಪಟ್ಟವರು ಸಿಗಲಾರರು. ಒಬ್ಬನನ್ನು ಅಷ್ಟು ವರ್ಷ ಬಿಟ್ಟೂ ಬಿಡದೆ ನೋಡಿದವನಿಗೆ ಅವನ ಬಗ್ಗೆ ಬರೆಯುವ ಹಕ್ಕಿದೆ ಎಂದು ನನ್ನ ಲೆಕ್ಕ.

ನಾವಿಬ್ಬರೂ ಮೀಸೆ ಮೂಡುವ ವಯಸ್ಸಿನಲ್ಲಿ ಒಂದೇ ತಿಂಗಳು ಮಹಮ್ಮದಸಾಬ ಉಸ್ತಾದರ ಅಂಗಡಿ ಸೇರಿದವರು. ಅದು ಗ್ಯಾಸಬತ್ತಿಗಳ, ಅಂದರೆ ಪಂಪು ಹೊಡೆದು ಉರಿಸುವ ಸೀಮೆಎಣ್ಣೆ ದೀಪಗಳ ಅಂಗಡಿ. ಊರಿಗೆ ಕರೆಂಟು ಇನ್ನೂ ಬಂದಿರಲಿಲ್ಲ. ಮದುವೆಗಾಗಲಿ ನಾಟಕಕ್ಕಾಗಲಿ ಬೆಳಕು ಬೇಕಾದರೆ ನಮ್ಮಲ್ಲಿಗೇ ಬರಬೇಕಿತ್ತು. ಪಂಪು ಹೊಡೆಯುವುದು, ಮ್ಯಾಂಟಲ್ ಕಟ್ಟುವುದು, ಕಟ್ಟಿಕೊಂಡ ನಳಿಗೆಯನ್ನು ಪಿನ್ನಿನಿಂದ ಬಿಡಿಸುವುದು ಎಲ್ಲವನ್ನೂ ನಾನೇ ಮೊದಲು ಕಲಿತೆ. ನನ್ನ ಕೈ ಚುರುಕು, ಅವನದು ಭಾರೀ ನಿಧಾನ. ಹೀಗಿದ್ದೂ ದುರಸ್ತಿಗೆ ದೀಪ ಬಂದರೆ ಉಸ್ತಾದರು ಅವನ ಮುಂದೆಯೇ ಇಡುತ್ತಿದ್ದರು. ಅವನು ಅದನ್ನು ಮುಖದ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಹೂ ಮೂಸಿದಂತೆ ಮೂಸಿ, "ತಳದಾಗ ಬೆಸಿಗಿ ಬಿಟ್ಟೈತ್ರಿ" ಎಂದರೆ ಅಲ್ಲಿ ಬೆಸುಗೆ ಬಿಟ್ಟೇ ಇರುತ್ತಿತ್ತು. ನಾನು ಅದೇ ದೀಪಕ್ಕೆ ಸಾಬೂನಿನ ನೀರು ಹಚ್ಚಿ, ಗುಳ್ಳೆ ಏಳುವುದನ್ನು ಕಾದು, ಅರ್ಧ ತಾಸಿನ ಮೇಲೆ ಅದೇ ಮಾತು ಹೇಳುತ್ತಿದ್ದೆ. ಆಗ ಕೇಳಲು ಯಾರೂ ಇರುತ್ತಿರಲಿಲ್ಲ.

ಜಕ್ಕಲಿಯ ಒಂದು ಮದುವೆಯ ಸಂಗತಿ ಹೇಳಿದರೆ ನನ್ನ ಸಂಕಟ ನಿಮಗೆ ಅರ್ಥವಾದೀತು. ವರನ ಮೆರವಣಿಗೆಗೆ ಎಂಟು ದೀಪ, ಹೊರಲು ಎಂಟು ಹೆಂಗಸರು. ಮುಂದಿನ ದೀಪ ತಿಪ್ಪವ್ವ ಎಂಬಾಕೆಯ ತಲೆಯ ಮೇಲಿತ್ತು. ಬಾಜಾ ಬಜಂತ್ರಿಯ ಗದ್ದಲದಲ್ಲಿ ಹಿಂದಿನಿಂದ ನಡೆದು ಬರುತ್ತಿದ್ದ ಅಲ್ಲಾಸಾಬ ಇದ್ದಕ್ಕಿದ್ದಂತೆ ಜನರನ್ನು ನೂಕಿಕೊಂಡು ಓಡಿ ಬಂದು, ಅವಳ ತಲೆಯ ಮೇಲಿನ ದೀಪವನ್ನು ಕಿತ್ತು ಮಣ್ಣಿಗೆ ಒಗೆದ. ದೀಪ ಭಗ್ಗನೆ ಹೊತ್ತಿ ಉರಿಯಿತು. ತಿಪ್ಪವ್ವನ ಸಿಂಬೆ ಮುಟ್ಟಿ ನೋಡಿದರೆ ಸೀಮೆಎಣ್ಣೆಯಲ್ಲಿ ತೋಯ್ದಿತ್ತು. ವರನ ತಂದೆ ತನ್ನ ರುಮಾಲನ್ನೇ ಬಿಚ್ಚಿ ಅಲ್ಲಾಸಾಬನ ತಲೆಗೆ ಸುತ್ತಿದ. ಆ ದೀಪದ ತಿರುಪು ಬಿಗಿ ಮಾಡಿದವನು ನಾನು. ಅಲ್ಲಾಸಾಬನಿಗೆ ಅದು ಗೊತ್ತಿತ್ತು, ಆದರೆ ಯಾರ ಮುಂದೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವನೊಡನೆ ಒಂದು ದೊಡ್ಡ ಜಗಳ ಮಾಡಿ ನಾನು ಹಗುರಾಗುತ್ತಿದ್ದೆ.

೧೯೫೪ರ ಬೇಸಿಗೆಯಲ್ಲಿ ಜಿನ್ನಪ್ಪನವರ ಮೋಟಾರು ಊರಿಗೆ ಬಂತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಲಾರಿ. ಅದರ ಬೆನ್ನ ಮೇಲೆ ಕಟ್ಟಿಗೆಯ ಮನೆ. ಕಿಟಕಿ, ಪರದೆ, ಮಲಗಲು ಹಲಗೆ, ಅಡುಗೆಗೆ ಒಂದು ಮೂಲೆ, ಹಿಂದೆ ಇಳಿಯಲು ಮೂರು ಮೆಟ್ಟಿಲು. ಜನ ಅದನ್ನು ಮನಿಮೋಟಾರ ಎಂದು ಕರೆದರು. ಜಿನ್ನಪ್ಪ ಬೆಳಗಾವಿ ಕಡೆಯ ಜೈನರು, ಕನ್ನಡಕದ ವ್ಯಾಪಾರಿ. ಹೆಂಡತಿ ಚಂದ್ರವ್ವನೊಡನೆ ಅದರಲ್ಲೇ ಸಂಸಾರ ಹೂಡಿ, ತಾವೇ ಮೋಟಾರು ನಡೆಸುತ್ತ ರೋಣ, ನರಗುಂದ, ಗಜೇಂದ್ರಗಡ ಸುತ್ತುತ್ತಿದ್ದರು. ರೈತರು ಹೊಲದಿಂದ ಮರಳಿದ ಮೇಲೆ, ಸಂಜೆ ಅವರ ವ್ಯಾಪಾರ. ಓದು ಬಾರದವರ ಕೈಗೆ ಸೂಜಿ ದಾರ ಕೊಡುವರು. ಯಾವ ಕನ್ನಡಕ ಹಾಕಿಕೊಂಡಾಗ ದಾರ ಪೋಣಿಸಿದರೋ ಅದೇ ಅವರ ಕನ್ನಡಕ.

ಅದಕ್ಕೆ ಒಳ್ಳೆಯ ಬೆಳಕು ಬೇಕು. ಮೋಟಾರಿನ ಹಿಂಬದಿಗೆ ಕಾರ್ಬೈಡಿನ ಡ್ರಮ್ಮು ಕಟ್ಟಿ, ಅದರಿಂದ ಹಿತ್ತಾಳೆಯ ಪೈಪು ಎಳೆದು ನಾಲ್ಕು ದೀಪ ಹಾಕಿಸಿದ್ದರು. ಕಾರ್ಬೈಡ್ ಎಂದರೆ ನೋಡಲು ಬೂದು ಬಣ್ಣದ ಕಲ್ಲು. ಅದಕ್ಕೆ ನೀರು ತಾಗಿದರೆ ಸಾಕು, ಗ್ಯಾಸು ಹುಟ್ಟುತ್ತದೆ. ಆ ಗ್ಯಾಸಿಗೆ ಕಡ್ಡಿ ಕೊರೆದರೆ ಬೆಳ್ಳಗಿನ ಬೆಳಕು. ಮುಚ್ಚಿದ ಜಾಗದಲ್ಲಿ ತುಂಬಿಕೊಂಡಾಗ ಕಡ್ಡಿ ಕೊರೆದರೆ ಮಾತ್ರ ಬೆಳಕಲ್ಲ, ಸ್ಫೋಟ. ಅದರ ವಾಸನೆ ಥೇಟು ಬೆಳ್ಳುಳ್ಳಿಯದು.

ಜಿನ್ನಪ್ಪ ನಮ್ಮ ಅಂಗಡಿಗೆ ಬಂದು, ಮೋಟಾರಿನ ಜೊತೆಗೆ ತಿರುಗಲು ದೀಪ ಬಲ್ಲ ಆಳೊಬ್ಬ ಬೇಕು ಎಂದರು. ಉಸ್ತಾದರು ನನ್ನ ಕಡೆ ಕಣ್ಣೆತ್ತಿ ಸಹ ನೋಡದೆ ಅಲ್ಲಾಸಾಬನ ಬೆನ್ನು ತಟ್ಟಿದರು. "ಇಂವನ್ನ ಒಯ್ಯಿರಿ. ಇಂವಾ ಇದ್ರ ನೀವು ನಿಶ್ಚಿಂತಿಲೆ ನಿದ್ದಿ ಮಾಡಬಹುದು."

ಅಂದಿನಿಂದ ನನ್ನ ನಿದ್ದೆ ಹೋಯಿತು. ತಿಂಗಳಿಗೊಮ್ಮೆ ಮೋಟಾರು ಊರಿಗೆ ಬಂದಾಗ ಅಲ್ಲಾಸಾಬ ಮುಂದಿನ ಸೀಟಿನಲ್ಲಿ ಜಿನ್ನಪ್ಪನವರ ಪಕ್ಕ ಕೂತು ಬರುತ್ತಿದ್ದ. ಅವನ ಹೆಂಡತಿ ಮುನೀರಾ ಹಾರ್ನು ಕೇಳಿ ಓಣಿಯ ಬಾಯಿಗೆ ಬಂದು ನಿಲ್ಲುತ್ತಿದ್ದಳು. ನನ್ನ ಹೆಂಡತಿ ಗೌರವ್ವನಿಗೆ ಇಷ್ಟೇ ಸಾಕಿತ್ತು. "ಅಲ್ಲಾಸಾಬಣ್ಣ ನೋಡ್ರಿ, ಮೋಟಾರಿನ್ಯಾಗ ಕುಂತ ಬರ್ತಾನ. ನಿಮ್ಮನ್ನ ಬಂಡ್ಯಾಗೂ ಯಾರೂ ಕುಂದ್ರಸೂದುಲ್ಲ" ಎಂದು ರೊಟ್ಟಿ ಬಡಿಯುತ್ತ ನಗುತ್ತಿದ್ದಳು. ನಾನು ಆ ಸೀಟನ್ನು ಕನಸಿನಲ್ಲಿಯೂ ಕಾಣತೊಡಗಿದೆ.

ಮಳೆಗಾಲ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ಜಿನ್ನಪ್ಪ ನನ್ನನ್ನು ಮೋಟಾರಿನ ಬಳಿಗೆ ಕರೆಸಿದರು. ಅಲ್ಲಾಸಾಬ ಮೆಟ್ಟಿಲ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಅವನ ಬುತ್ತಿಯ ಗಂಟು ನೆಲದ ಮೇಲೆ ಬಿಚ್ಚಿ ಬಿದ್ದಿತ್ತು.

"ಕಳಕಪ್ಪ, ಒಳಗ ಬಳ್ಳೊಳ್ಳಿ ವಾಸನಿ ಬರ್ತದ," ಎಂದರು ಜಿನ್ನಪ್ಪ. "ಎಂಟು ದಿನ ಆತು. ದಿನಾ ಅಡಗಿ ಹೊತ್ತಿಗೆ ಬರ್ತದ. ನಮ್ಮ ಮನ್ಯಾಗ ಬಳ್ಳೊಳ್ಳಿ ಹೆಸರ ಸುದ್ದಾ ತಗಿಯೂದಿಲ್ಲ. ನಮ್ಮಾಕಿ ನೆಟ್ಟಗ ಉಂಡಿಲ್ಲ. ಇಂವನ್ನ ಕೇಳಿದ್ರ ಗ್ಯಾಸಿನ ವಾಸನಿ ಅಂತಾನ. ಹಗಲಹೊತ್ತ ಡ್ರಮ್ಮು ಖಾಲಿ ಇರ್ತದ, ಗ್ಯಾಸು ಎಲ್ಲಿಂದ ಬರಬೇಕು? ಇವತ್ತ ಗಂಟು ಬಿಚ್ಚಿಸಿದೆ. ನೋಡು, ಅಗಸಿ ಚಟ್ನಿ."

ಅಗಸೆ ಬೀಜದ ಆ ಚಟ್ನಿಯಲ್ಲಿ ಬೆಳ್ಳುಳ್ಳಿ ಇರದೆ ಏನಿರುತ್ತದೆ? ನಮ್ಮ ಕಡೆ ಅದಿಲ್ಲದೆ ರೊಟ್ಟಿ ಗಂಟಲಿಗೆ ಇಳಿಯುವುದಿಲ್ಲ.

"ಅದನ್ನ ನಾ ಮೋಟಾರಿನ್ಯಾಗ ಒಂದಿನಾನೂ ಬಿಚ್ಚಿಲ್ರಿ," ಎಂದ ಅಲ್ಲಾಸಾಬ. "ದೂರ ಗಿಡದ ಬುಡಕ ಕುಂತ ಉಣ್ತೇನಿ, ಕೈ ತೊಳಕೊಂಡ ಬರ್ತೇನಿ. ಅಡಗಿ ಹೊತ್ತಿಗೆ ಒಮ್ಮೆ ನನ್ನ ಒಳಗ ಬಿಡ್ರಿ ಸಾವಕಾರ್ರ. ಹುಡುಕಿ ಕೊಡ್ತೇನಿ."

"ಮಡೀಲೆ ಅಡಗಿ ಮಾಡೂವಾಗ ನೀ ಹ್ಯಾಂಗ ಒಳಗ ಬರ್ತೀ?" ಎಂದು ಜಿನ್ನಪ್ಪ ಗದರಿದರು. ನನ್ನ ಕಡೆ ತಿರುಗಿ, "ನೀನೂ ದೀಪದಾಂವ. ನೋಡಿ ಹೇಳು. ಗ್ಯಾಸೋ, ಬಳ್ಳೊಳ್ಳಿಯೋ?" ಎಂದರು.

ಆಗ ಅಡುಗೆ ಮುಗಿದು ಎರಡು ತಾಸಾಗಿತ್ತು. ಒಳಗೆ ಯಾವ ವಾಸನೆಯೂ ಇರಲಿಲ್ಲ. ನಾನು ಡ್ರಮ್ಮು ನೋಡಿದೆ. ಅಲ್ಲಾಸಾಬ ಅದನ್ನು ಕನ್ನಡಿಯಂತೆ ತೊಳೆದಿಟ್ಟಿದ್ದ. ಪೈಪಿಗೆ ಬಾಯಿಂದ ಗಾಳಿ ತುಂಬಿ, ಗಂಟುಗಂಟಿಗೂ ಸಾಬೂನಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಪ್ರಾಮಾಣಿಕ ಕೆಲಸ. ಆದರೆ ಡ್ರಮ್ಮೂ ಪೈಪೂ ಸರಿಯಿದ್ದರೆ ದೀಪದವನು ಮುಂದೆ ಕೇಳುವ ಪ್ರಶ್ನೆ ಒಂದೇ: ಕಾರ್ಬೈಡಿನ ಡಬ್ಬಿ ಎಲ್ಲಿ ಇಟ್ಟೀರಿ? ಆ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದೇ ಹೊತ್ತಿಗೆ ಕಿಟಕಿಯಿಂದ ಆ ಮುಂದಿನ ಸೀಟು ಕಂಡಿತು. ನಾನು ಕೇಳಲಿಲ್ಲ.

"ಪೈಪಿನ್ಯಾಗ ಏನೂ ದೋಷ ಇಲ್ರಿ," ಎಂದೆ. "ಉಳಿದದ್ದು ನೀವ ತಿಳಕೋರಿ."

ಒಂದು ಸುಳ್ಳೂ ಹೇಳದೆ ಒಬ್ಬನ ಅನ್ನ ಕಿತ್ತುಕೊಂಡೆ. ಜಿನ್ನಪ್ಪ ಅಲ್ಲಾಸಾಬನಿಗೆ ಹೋಗು ಎಂದರು, ನನಗೆ ನಾಳೆ ಬೆಳಿಗ್ಗೆ ಬಾ ಎಂದರು. ಖರೇ ಹೇಳುತ್ತೇನೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಲ್ಲಾಸಾಬ ಚಟ್ನಿಯ ಗಂಟು ಕಟ್ಟಿಕೊಂಡು ನನ್ನ ಜೊತೆಗೇ ಬಜಾರದವರೆಗೆ ನಡೆದು ಬಂದ. ಬೈಯುತ್ತಾನೆ ಎಂದು ಕಾದೆ. ಅವನು ಬೇರೆಯೇ ಮಾತು ತೆಗೆದ. "ಕಳಕಪ್ಪ, ವಾಸನಿ ಎಲ್ಲಿ ಬರ್ತೈತಿ ಅಂತ ಹುಡಕಬ್ಯಾಡ. ಯಾವಾಗ ಬರ್ತೈತಿ ಅಂತ ನೋಡು. ಅದು ಗ್ಯಾಸ ಐತಿ. ಅವ್ವಾರು ಅದರಾಗ ಸ್ಟೋವ ಹಚ್ಚತಾರು. ನಿನ್ನನ್ನರ ಅಡಗಿ ಹೊತ್ತಿಗೆ ಒಳಗ ಬಿಡಬಹುದು. ಲಗೂ ನೋಡಪಾ." ಕೆಲಸ ಕಳೆದುಕೊಂಡ ಅರ್ಧ ತಾಸಿನಲ್ಲಿ ಆ ಮನುಷ್ಯನಿಗೆ ಚಂದ್ರವ್ವನ ಚಿಂತೆ. ಅದಕ್ಕೂ ನನಗೆ ಸಿಟ್ಟು ಬಂತು.

ಮರುದಿನ ನಾನು ಮುಂದಿನ ಸೀಟಿನಲ್ಲಿ ಕೂತೆ. ಊರು ದಾಟಿ ರಾಜೂರ ಬಂದಾಗ ಮೋಟಾರು ನೀರಿಗೆ ನಿಂತಿತು. ಗೌರವ್ವ ಎಂದಿನ ರೂಢಿಯಂತೆ ಬುತ್ತಿಯಲ್ಲಿ ಬೆಳ್ಳುಳ್ಳಿ ಚಟ್ನಿ ಇಟ್ಟಿದ್ದಳು. ಅದನ್ನು ಬೇಲಿಯಾಚೆ ಒಗೆದು, ಕೈಗೆ ಮಣ್ಣು ತಿಕ್ಕಿ ತೊಳೆದುಕೊಂಡೆ. ಸೀಟಿನ ಸ್ಪ್ರಿಂಗು ಅಲ್ಲಾಸಾಬನ ಮೈಗೆ ತಕ್ಕಂತೆ ಒಂದು ಕಡೆ ತಗ್ಗಿ ಹೋಗಿತ್ತು. ರೋಣ ಬರುವವರೆಗೂ ನಾನು ಆ ತಗ್ಗಿನಲ್ಲಿ ವಾಲಿಕೊಂಡೇ ಕೂತಿದ್ದೆ.

ರೋಣದಲ್ಲಿ ಮಧ್ಯಾಹ್ನದ ಹೊತ್ತಿಗೆ ಚಂದ್ರವ್ವ ಒಳಗಿನಿಂದ ಸೆರಗು ಮೂಗಿಗೆ ಹಿಡಿದು ಇಳಿದು ಬಂದರು. "ಮತ್ತ ಬಂತ್ರಿ" ಎಂದರು ಗಂಡನಿಗೆ. ಜಿನ್ನಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಕಳಕಪ್ಪ, ನಿನ್ನ ಗಂಟು ಬಿಚ್ಚು."

ಬಿಚ್ಚಿದೆ. ರೊಟ್ಟಿ, ಮೊಸರು, ಹುರಿದ ಶೇಂಗಾ. ಅವರು ಒಂದೊಂದನ್ನೂ ಮೂಸಿ ನೋಡಿದರು. ನಿನ್ನೆ ಅಲ್ಲಾಸಾಬ ನಿಂತಿದ್ದ ಹಾಗೆಯೇ ನಾನು ನಿಂತಿದ್ದೆ. ಅವನು ಕೇಳಿದ್ದನ್ನೇ ನಾನೂ ಕೇಳಿದೆ: ಅಡುಗೆ ಹೊತ್ತಿಗೆ ಒಳಗೆ ಬಿಡಿ. ಜಿನ್ನಪ್ಪ, "ನೀವು ಲಿಂಗವಂತರು, ಅಡ್ಡಿಯಿಲ್ಲ. ಸಂಜಿ ಅಡಗಿಗೆ ಬಾಗಲದಾಗ ಕುಂದ್ರು" ಎಂದರು.

ಹೊತ್ತು ಮುಳುಗುವ ಮುನ್ನ ಅವರ ಊಟ ಮುಗಿಯಬೇಕು, ಹಾಗಾಗಿ ಇಳಿಹೊತ್ತಿಗೇ ಅಡುಗೆ. ನಾನು ಬಾಗಿಲಲ್ಲಿ ಕೂತು ನೋಡಿದೆ. ಚಂದ್ರವ್ವ ಮೊದಲು ನೀರು ಸೋಸಿದರು. ಜೈನರು ನೀರಿನಲ್ಲಿರುವ ಸಣ್ಣ ಜೀವಕ್ಕೂ ನೋವಾಗಬಾರದೆಂದು ಎರಡು ಪದರಿನ ಬಟ್ಟೆಯಲ್ಲಿ ಸೋಸದೆ ಒಂದು ಹನಿ ನೀರನ್ನೂ ಬಳಸುವುದಿಲ್ಲ. ಸೋಸಿ, ಬಟ್ಟೆಯನ್ನು ಹುಷಾರಾಗಿ ಜಾಲಿಸಿ, ಅಡುಗೆಯ ಹಲಗೆಯ ಮೇಲಿನ ಒಂದು ಮೊಳೆಗೆ ಹಾಕಿದರು. ಬಟ್ಟೆಯಿಂದ ನೀರು ತೊಟ್ಟಿಕ್ಕಿತು. ಹಲಗೆಯ ಸಂದಿನಲ್ಲಿ ಇಳಿದು ಕಾಣದಾಯಿತು. ನಾನು ಸುಮ್ಮನೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ನನ್ನ ದರಿದ್ರ ಮೂಗಿಗೂ ಬೆಳ್ಳುಳ್ಳಿಯ ವಾಸನೆ ಬಡಿಯಿತು. ಚಂದ್ರವ್ವ ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡರು.

"ತಡೀರಿ ಅವ್ವಾರ! ಸ್ಟೋವಿನ ನಳಿಗಿ ಕಟ್ಟಿದಂಗ ಕಾಣ್ತೈತಿ" ಎಂದು ಸ್ಟೋವು ಕಸಿದುಕೊಂಡು ಕೆಳಗಿಳಿದೆ. ಕಿಟಕಿಗಳನ್ನೆಲ್ಲ ತೆರೆಸಿದೆ. ಅಂದು ಅವರು ಹೊರಗೇ ಕೂತು ಅಡುಗೆ ಮಾಡಿದರು.

ದಂಪತಿಗಳು ಉಣ್ಣುತ್ತಿದ್ದಾಗ ನಾನು ಹಲಗೆಯ ಕೆಳಗಿನ ಪೆಟ್ಟಿಗೆ ತೆರೆದೆ. ಅಲ್ಲಿತ್ತು ಕಾರ್ಬೈಡಿನ ಡಬ್ಬಿ. ಮುಚ್ಚಳ ತುಕ್ಕು ಹಿಡಿದು ಸಾಸಿವೆ ಕಾಳಿನಷ್ಟು ತೂತಾಗಿತ್ತು, ಸುತ್ತ ಸುಣ್ಣದಂಥ ಬಿಳಿ ರಾಡಿ. ಮಳೆಗೆ ಹಿಂಬದಿ ಸೋರುತ್ತದೆಂದು ಅಲ್ಲಾಸಾಬ ಅದನ್ನು ಎಲ್ಲಕ್ಕಿಂತ ಒಣಗಿದ ಜಾಗ ನೋಡಿ ಇಲ್ಲಿಟ್ಟಿದ್ದ. ಅದೇ ಮಳೆಗೆ ಹೊರಗೆ ಬಟ್ಟೆ ಒಣಗದೆಂದು ಚಂದ್ರವ್ವ ಮೊಳೆಯನ್ನು ಒಳಗೆ ಹೊಡೆಸಿದ್ದರು. ಅವನು ಅಡುಗೆ ಹೊತ್ತಿಗೆ ಒಳಗೆ ಬರುವಂತಿಲ್ಲ, ಮುಸ್ಸಂಜೆಯ ಕತ್ತಲಲ್ಲಿ ಡಬ್ಬಿ ತೆಗೆಯುವಾಗ ಅಷ್ಟು ಸಣ್ಣ ತೂತು ಕಂಡಿರಲಿಕ್ಕಿಲ್ಲ; ಅವರು ದೀಪದ ಡಬ್ಬಿ ಮುಟ್ಟುವವರಲ್ಲ. ಬೆಳ್ಳುಳ್ಳಿ ಸೋಕಬಾರದೆಂದು ಅಷ್ಟು ಮಡಿ ಮಾಡುವ ಮನೆಯಲ್ಲಿ ಆ ಮಡಿಯ ನೀರೇ ಬೆಳ್ಳುಳ್ಳಿಯ ವಾಸನೆ ಎಬ್ಬಿಸಿತ್ತು.

ಆಗಲೇ ಕೂಗಿ ಹೇಳಬಹುದಿತ್ತು. ಹೇಳಿದರೆ ಅಲ್ಲಾಸಾಬ ಮರಳಿ ಬರುತ್ತಾನೆ, ನಾನು ಇಳಿಯಬೇಕು. ಡಬ್ಬಿ ಒರೆಸಿ, ತೂತಿಗೆ ಮೇಣ ಮೆತ್ತಿ, ನೀರು ಹಿಡಿಯದ ಮೇಣಗಪಡದಲ್ಲಿ ಸುತ್ತಿ ನನ್ನ ಸೀಟಿನ ಕೆಳಗೆ ಇಟ್ಟೆ. ಅಲ್ಲಿಗೆ ಅಪಾಯ ಹೋಯಿತು, ವಾಸನೆಯೂ ನಿಂತಿತು. ಎರಡು ದಿನ ಕಳೆದ ಮೇಲೆ ಯಾವಗಲ್ಲಿನ ದಾರಿಯಲ್ಲಿ ಜಿನ್ನಪ್ಪ, "ಅಲ್ಲಾಸಾಬನ ಚಟ್ನಿ ವಾಸನಿ ಕಟಗಿಯೊಳಗ ಇಳದಿತ್ತು, ಈಗ ಹೋತು ನೋಡು" ಎಂದರು.

"ಹೌದ್ರಿ," ಎಂದೆ.

ನನ್ನ ಆಯುಷ್ಯದಲ್ಲಿ ಆಡಿದ ಮಾತುಗಳಲ್ಲಿ ಒಂದನ್ನು ವಾಪಸು ಪಡೆಯಬಹುದು ಎಂದರೆ ಅದೊಂದನ್ನು ಪಡೆದೇನು.

ನರಗುಂದದಲ್ಲಿ ಸಂಜೆ ಡ್ರಮ್ಮು ತುಂಬಲು ನಾನು ಸೀಟಿನ ಕೆಳಗಿನಿಂದ ಡಬ್ಬಿ ತೆಗೆಯುವುದನ್ನು ಚಂದ್ರವ್ವ ನೋಡಿದರು.

"ಕಳಕಪ್ಪಣ್ಣಾ, ಈ ಡಬ್ಬಿ ನನ್ನ ಅಡಗಿ ಪೆಟಗ್ಯಾಗ ಇತ್ತಲ್ಲಾ. ಯಾವಾಗ ಸರಿಸಿದ್ರಿ?"

"ರೋಣದಾಗ್ರಿ," ಎಂದುಬಿಟ್ಟೆ. ಸುಳ್ಳು ಹೇಳಲು ಹೊತ್ತು ಸಾಲಲಿಲ್ಲ.

ಅವರು ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮುಚ್ಚಳದ ತುಕ್ಕು ನೋಡಿದರು, ಮೇಣ ಕೆರೆದು ಮೂಸಿದರು. ಒಳಗೆ ಹೋಗಿ ಮೊಳೆಯ ಕೆಳಗೆ ನಿಂತರು. ನಾನು ಹೊರಗಿನಿಂದ ಅವರ ಬೆನ್ನನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಆ ಬೆನ್ನು ಬಿಕ್ಕತೊಡಗಿತು. "ನನ್ನ ಸೋಸೂ ಅರಬಿ ನೀರಿನಿಂದ ಒಬ್ಬಾಂವನ ಹೊಟ್ಟಿ ಮ್ಯಾಲೆ ಹೊಡದಂಗಾತಲ್ರಿ" ಎಂದು ಅವರು ಗಂಡನಿಗೆ ಹೇಳಿದ್ದು ನನಗೆ ಕೇಳಿಸಿತು.

ಜಿನ್ನಪ್ಪ ಆ ಸಂಜೆ ವ್ಯಾಪಾರ ಮಾಡಲಿಲ್ಲ, ಊಟವನ್ನೂ ಬಿಟ್ಟರು. ಬೆಳಗಾಗುತ್ತಲೇ ಮೋಟಾರನ್ನು ಗಜೇಂದ್ರಗಡದ ಕಡೆಗೆ ತಿರುಗಿಸಿದರು. ದಾರಿಯುದ್ದಕ್ಕೂ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಒಮ್ಮೆ ಮಾತ್ರ ಕೇಳಿದರು: "ರೋಣದಾಗ ಸಿಕ್ಕಿತ್ತು. ಯಾಕ ಹೇಳಲಿಲ್ಲ?"

"ಖಾತ್ರಿ ಇದ್ದಿಲ್ರಿ," ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಅಲ್ಲಾಸಾಬ ಉಸ್ತಾದರ ಅಂಗಡಿಯಲ್ಲಿ, ನನ್ನ ಜಾಗದಲ್ಲಿ, ನನ್ನ ಗೋಣಿತಟ್ಟಿನ ಮೇಲೆ ಕೂತು ದೀಪ ಒರೆಸುತ್ತಿದ್ದ. ಜಿನ್ನಪ್ಪ ಬಜಾರದ ಮಂದಿಯೆಲ್ಲ ನೋಡುತ್ತಿರುವಂತೆ ಅವನ ಮುಂದೆ ಕೈ ಮುಗಿದರು. "ಅಲ್ಲಾಸಾಬ, ತಪ್ಪು ನನ್ನದು. ನಿನ್ನ ಮ್ಯಾಲೆ ಇಲ್ಲದ ಅಪವಾದ ಹೊರಿಸಿದೆ. ಕ್ಷಮಾ ಮಾಡು." ಅವನು ಗಾಬರಿಯಾಗಿ ಎದ್ದು ನಿಂತು, "ಹಂಗ ಮಾಡಬ್ಯಾಡ್ರಿ, ನೀವು ದೊಡ್ಡಾರು" ಎಂದು ಅವರ ಕೈ ಹಿಡಿದುಕೊಂಡ. ಮೊಳೆಯ ಸಂಗತಿ ಹೇಳಿದ ಕೂಡಲೇ, "ಡಬ್ಬಿ ಮ್ಯಾಲೆ ನೀರು! ಅವ್ವಾರಿಗೇನೂ ಆಗಿಲ್ಲಲ್ರಿ?" ಎಂದ.

ಜಿನ್ನಪ್ಪ ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. "ಒಂದು ಮಾತು ಖರೇ ಹೇಳು. ಅವತ್ತು ಹೋಗೂ ಮುಂದ ನೀ ಕಳಕಪ್ಪಗ ಏನರೆ ಹೇಳಿದ್ದೇನು? ಗ್ಯಾಸ ಐತಿ, ಹಿಂಗ ನೋಡು ಅಂತ?"

ಸುತ್ತ ಅರ್ಧ ಬಜಾರ ನೆರೆದಿತ್ತು. ಅವನು ಹೌದೆಂದರೆ ನಾನು ಮುಗಿದೆ. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡವನು ಕಟ್ಟಿದ ದೀಪವನ್ನು ಯಾವ ತಾಯಿ ತನ್ನ ಮಗಳ ತಲೆಗೆ ಹೊರಿಸುತ್ತಾಳೆ? ಅಲ್ಲಾಸಾಬ ನನ್ನನ್ನು ನೋಡಿದ. ಜಕ್ಕಲಿಯಲ್ಲಿ ಉರಿಯುವ ದೀಪದ ಆಚೆಯಿಂದ ನೋಡಿದ್ದ ಅದೇ ನೋಟ. ನನಗೆ ಅವನು ಹೌದು ಎನ್ನಲಿ ಅನಿಸಿತು, ದೇವರಾಣೆ.

"ಇಲ್ರಿ ಸಾವಕಾರ್ರ," ಎಂದ ಅವನು. "ನನಗ ಗೊತ್ತಿದ್ರ ನಿಮಗ ಹೇಳ್ತಿದ್ದಿಲ್ಲೇನು? ಕಳಕಪ್ಪ ಸ್ವಂತ ಹುಡಕ್ಯಾನ. ಅಂವನ ಮೂಗು ನನಕಿಂತ ಭಾಳ ಚಲೋ ಐತ್ರಿ."

ಉಸ್ತಾದರು ಅಂಗಡಿಯ ಒಳಗಿನಿಂದ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು, ಆಮೇಲೆ ಕೈಯಲ್ಲಿದ್ದ ಕೆಲಸಕ್ಕೆ ತಲೆ ಬಗ್ಗಿಸಿದರು. ಅಲ್ಲಾಸಾಬ ಮೋಟಾರು ಹತ್ತಿದ, ನಾನು ನನ್ನ ಗಂಟು ಇಳಿಸಿಕೊಂಡೆ. ಹೋಗುವಾಗ ಕಿಟಕಿಯಿಂದ ಕೈ ಬೇರೆ ಬೀಸಿದ. ನಾನು ಹೋಗಿ ನನ್ನ ಜಾಗದಲ್ಲಿ ಕೂತೆ. ಗೋಣಿತಟ್ಟು ಇನ್ನೂ ಬೆಚ್ಚಗಿತ್ತು.

ಅವನ ಆ ಮಾತು ಮೂರು ದಿನದಲ್ಲಿ ಊರು ತುಂಬಿತು. ಅಲ್ಲಾಸಾಬನೇ ಹೇಳಿದ ಮೇಲೆ ಇನ್ನೇನು? ಜನ ದೀಪಗಳನ್ನು ತಂದು ನನ್ನ ಮೂಗಿಗೆ ಹಿಡಿಯತೊಡಗಿದರು. ನಾನು ಕಣ್ಣು ಮುಚ್ಚಿ, ಅವನಂತೆಯೇ ಮೂಸಿ, "ನಾಳಿ ಬರ್ರಿ" ಎಂದು ಕಳಿಸಿ, ಪರದೆಯ ಹಿಂದೆ ಸಾಬೂನಿನ ನೀರು ಹಚ್ಚುತ್ತಿದ್ದೆ. ಮುಂದೆ ಊರಿಗೆ ಕರೆಂಟು ಬಂತು, ಜಿನ್ನಪ್ಪನವರ ಮೋಟಾರು ನಿಂತಿತು, ಅಲ್ಲಾಸಾಬ ಊರಿಗೆ ಮರಳಿ ಸ್ಟೋವಿನ ಬಿಡಿ ಸಾಮಾನು ಮಾರಿಕೊಂಡಿದ್ದ. ಗಿರಾಕಿ ನನ್ನ ಮುಂದೆ ಸ್ಟೋವು ಇಟ್ಟು ಕೂತಿರುವಾಗ ಎಷ್ಟೋ ಸಲ ಅವನು ಹಾಗೇ ಹಾದು ಹೋಗುವವನಂತೆ ಬಂದು, ಎಲೆಯಡಿಕೆ ಕೇಳುವ ನೆಪದಲ್ಲಿ ಬಗ್ಗಿ, "ತಳದಾಗ" ಎಂದೋ "ತಿರುಪಿನ್ಯಾಗ" ಎಂದೋ ನನ್ನ ಕಿವಿಯಲ್ಲಿ ಉಸುರಿ ಹೋಗುತ್ತಿದ್ದ. ಆ ಒಂದು ಸುಳ್ಳನ್ನು ಅವನು ಬದುಕಿರುವ ತನಕ ಸಾಕಿದ.

ಕಳೆದ ತಿಂಗಳು ಪಕ್ಕದ ಮನೆಯ ಸಿದ್ದಲಿಂಗವ್ವ ಸಿಲಿಂಡರು ವಾಸನೆ ಬರುತ್ತದೆಂದು ಕರೆದಳು. ಕಣ್ಣು ಮುಚ್ಚಿ ಮೂಸಿದೆ. ಕುಡಿಯಲು ನೀರು ತರಲು ಅವಳನ್ನು ಒಳಗೆ ಕಳಿಸಿ, ಕಿಸೆಯಲ್ಲಿದ್ದ ಸಾಬೂನಿನ ಚೂರನ್ನು ಉಗುಳಿನಲ್ಲಿ ತೋಯಿಸಿ ರೆಗ್ಯುಲೇಟರಿಗೆ ತಿಕ್ಕಿದೆ. ಗುಳ್ಳೆ ಎದ್ದಿತು. "ವಾಶರು ಹೋಗೈತವಾ" ಎಂದೆ. "ನಿಮ್ಮ ಮೂಗಿಗೆ ಸರಿ ಯಾರೂ ಇಲ್ಲ ಬಿಡ್ರಿ ಅಜ್ಜಾರ" ಎಂದು ಅವಳು ನೀರು ಕೊಟ್ಟಳು. ಎಂದಿನಂತೆ ನನ್ನ ಹೊಟ್ಟೆ ಉರಿಯಿತು. ಬಜಾರದಲ್ಲಿ ಅಂದು ಅವನು ಹೌದು ಎಂದಿದ್ದರೆ ನಾನು ಒಮ್ಮೆ ತಲೆ ತಗ್ಗಿಸಿ ಪಾರಾಗುತ್ತಿದ್ದೆ. ಅವನು ಇಲ್ಲ ಎಂದ. ಅದನ್ನು ನಾನು ಅವನಿಗೆ ಇನ್ನೂ ಕ್ಷಮಿಸಿಲ್ಲ.